ಐದಕ್ಕೆ ಐದೂ ಗೆದ್ದರೂ ಸೀಟು ಸಿಗದಿರುವುದೇಕೆ? ರೋಬೋಟಿಕ್ಸ್ ತಂಡಗಳು ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಅರ್ಹತೆ ಪಡೆಯುವ ಬಗೆ

ವಿದ್ಯಾರ್ಥಿಗಳ ರೋಬೋಟಿಕ್ಸ್ ಸ್ಪರ್ಧೆಯ ಸಮಾರೋಪ ಮುಗಿದ ಮೇಲೆ ಪೋಷಕರ ಸಾಲಿನಿಂದ ತಪ್ಪದೆ ಕೇಳಿಬರುವ ಪ್ರಶ್ನೆಯೊಂದಿದೆ: ‘ನಮ್ಮ ಮಕ್ಕಳು ಅರ್ಹತಾ ಸುತ್ತಿನ ಐದಕ್ಕೆ ಐದೂ ಪಂದ್ಯ ಗೆದ್ದರು, ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದರು. ಆದರೂ ರಾಷ್ಟ್ರೀಯ ಮಟ್ಟಕ್ಕೆ ಹೋಗುತ್ತಿರುವುದು ಹದಿನಾಲ್ಕನೇ ಸ್ಥಾನದ ತಂಡ. ಇದು ಯಾವ ನ್ಯಾಯ?’ ಕೇಳುವವರಲ್ಲಿ ಸಿಟ್ಟಿರುತ್ತದೆ, ಆ ಸಿಟ್ಟಿಗೆ ಕಾರಣವೂ ಇರುತ್ತದೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಅಲ್ಲಿ ನಿಯಮವೇನೂ ಮುರಿದಿರುವುದಿಲ್ಲ. ಯಾವ ನಿಯಮದಂತೆ ಸೀಟು ಹಂಚುತ್ತಾರೆ ಎಂಬುದನ್ನು ಮೊದಲೇ ಯಾರೂ ಬಿಡಿಸಿ ಹೇಳಿರುವುದಿಲ್ಲ, ಅಷ್ಟೇ. ಓಟದ ಪಂದ್ಯದಲ್ಲಿ ಮೊದಲು ಗೆರೆ ದಾಟಿದವನೇ ಗೆದ್ದವನು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಮೈದಾನಕ್ಕೆ ಒಂದು ಬಾಗಿಲು, ತೀರ್ಪುಗಾರರ ಕೋಣೆಗೆ ಇನ್ನೊಂದು, ಇತರ ತಂಡಗಳ ಕೃಪೆಗೆ ಮತ್ತೊಂದು ಬಾಗಿಲಿದ್ದು, ಎಲ್ಲವೂ ಒಂದೇ ಹಜಾರಕ್ಕೆ ತೆರೆದುಕೊಳ್ಳುತ್ತವೆ.

ಮೊದಲು ಸೀಟುಗಳ ಮಾತು. ಒಂದು ಸ್ಪರ್ಧೆಯಿಂದ ಎಷ್ಟು ತಂಡಗಳು ಮುಂದಿನ ಹಂತಕ್ಕೆ ಹೋಗಬಹುದು ಎಂಬುದು ಮೊದಲ ಪಂದ್ಯದ ಸೀಟಿ ಊದುವುದಕ್ಕೆ ಬಹಳ ಮುಂಚೆಯೇ ನಿಗದಿಯಾಗಿರುತ್ತದೆ. ಒಂದು ಪ್ರಾಂತ್ಯದಲ್ಲಿ ಎಷ್ಟು ತಂಡಗಳು ನೋಂದಾಯಿಸಿವೆ, ಅಲ್ಲಿ ಎಷ್ಟು ಸ್ಪರ್ಧೆಗಳು ನಡೆಯುತ್ತವೆ, ಮೇಲಿನ ಹಂತದ ಸಭಾಂಗಣದಲ್ಲಿ ಎಷ್ಟು ತಂಡಗಳಿಗೆ ಜಾಗವಿದೆ ಎಂಬುದನ್ನು ನೋಡಿ ಸಂಘಟಕರು ಸೀಟುಗಳನ್ನು ಪಾಲು ಮಾಡುತ್ತಾರೆ. ತಂಡಗಳು ಹೆಚ್ಚಿರುವ ದೇಶಗಳಲ್ಲಿ ಮೆಟ್ಟಿಲುಗಳೂ ಹೆಚ್ಚು: ಮೊದಲು ಸ್ಥಳೀಯ ಲೀಗ್ ಅಥವಾ ಅರ್ಹತಾ ಸ್ಪರ್ಧೆ, ಅಲ್ಲಿಂದ ರಾಜ್ಯ ಅಥವಾ ಪ್ರಾದೇಶಿಕ ಹಂತ, ಆಮೇಲೆ ರಾಷ್ಟ್ರೀಯ ಹಂತ. ತಂಡಗಳು ಕಡಿಮೆಯಿರುವಲ್ಲಿ ನೋಂದಾಯಿಸಿದವರೆಲ್ಲ ನೇರವಾಗಿ ರಾಷ್ಟ್ರೀಯ ಸ್ಪರ್ಧೆಗೇ ಬರುವುದುಂಟು. ಆದ್ದರಿಂದ ‘ರಾಷ್ಟ್ರೀಯ ಮಟ್ಟಕ್ಕೆ ಆಯ್ಕೆಯಾದೆವು’ ಎಂಬ ಮಾತಿನ ತೂಕ ಎಲ್ಲ ಕಡೆಯೂ ಒಂದೇ ಅಲ್ಲ.

ಎರಡನೆಯದಾಗಿ, ಸ್ಪರ್ಧೆಯ ಜಾತಿ ಯಾವುದೆಂದು ತಿಳಿಯಬೇಕು. ಸ್ಥೂಲವಾಗಿ ಎರಡು ಜಾತಿಗಳಿವೆ. ಒಂದರಲ್ಲಿ ತಂಡ ಒಂಟಿಯಾಗಿ ತನ್ನ ರೋಬೋಟನ್ನು ಮೇಜಿನ ಮೇಲೆ ಓಡಿಸುತ್ತದೆ; ಅಲ್ಲಿ ಅದರ ಎದುರಾಳಿ ಗಡಿಯಾರವೇ ಹೊರತು ಬೇರೆ ರೋಬೋಟಲ್ಲ. 2004ರಲ್ಲಿ ಸಿಂಗಪುರದಲ್ಲಿ ಮೊದಲ ಅಂತಿಮ ಸ್ಪರ್ಧೆ ನಡೆಸಿದ ವರ್ಲ್ಡ್ ರೋಬೋಟ್ ಒಲಿಂಪಿಯಾಡ್‌ನ ರೋಬೋಮಿಷನ್ ವಿಭಾಗ ಮತ್ತು ಫಸ್ಟ್ ಲೆಗೊ ಲೀಗ್ ಈ ಜಾತಿಗೆ ಸೇರಿದವು. ಇನ್ನೊಂದರಲ್ಲಿ ಒಂದೇ ಅಂಗಳದೊಳಗೆ ಕೆಂಪು ಮತ್ತು ನೀಲಿ ಎಂಬ ಎರಡು ಮೈತ್ರಿಕೂಟಗಳು ಎದುರುಬದುರಾಗುತ್ತವೆ. ಫಸ್ಟ್ ಟೆಕ್ ಚಾಲೆಂಜ್ ಮತ್ತು ವೆಕ್ಸ್ ಸ್ಪರ್ಧೆಗಳಲ್ಲಿ ಒಂದು ಕೂಟಕ್ಕೆ ಎರಡು ರೋಬೋಟ್, ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್‌ನಲ್ಲಿ ಮೂರು. ಹೆಸರಿನಲ್ಲಿ ‘ಫಸ್ಟ್’ ಇರುವ ಈ ಸ್ಪರ್ಧೆಗಳೆಲ್ಲ ಸಂಶೋಧಕ ಡೀನ್ ಕಾಮೆನ್ 1989ರಲ್ಲಿ ಸ್ಥಾಪಿಸಿದ ಫಸ್ಟ್ ಸಂಸ್ಥೆಯವು. ಅದರ ಮೊದಲ ಸ್ಪರ್ಧೆ ನಡೆದದ್ದು 1992ರಲ್ಲಿ, ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಶಾಲೆಯೊಂದರ ಜಿಮ್‌ನಲ್ಲಿ, 28 ತಂಡಗಳೊಂದಿಗೆ. ಮೈತ್ರಿಕೂಟದ ಪದ್ಧತಿ ಬಂದದ್ದು ಆಮೇಲೆ. ಅರ್ಹತೆಯ ಲೆಕ್ಕಾಚಾರ ಜಟಿಲವಾಗಲು ಮುಖ್ಯ ಕಾರಣವೂ ಅದೇ.

ಒಂಟಿ ಓಟದ ಸ್ಪರ್ಧೆಗಳನ್ನು ಬೇಗ ಮುಗಿಸಬಹುದು. ರೋಬೋಮಿಷನ್‌ನಲ್ಲಿ ರೋಬೋಟ್ ಆರಂಭದಲ್ಲಿ ಉದ್ದ, ಅಗಲ, ಎತ್ತರ ಮೂರರಲ್ಲೂ 250 ಮಿಲಿಮೀಟರ್ ಮೀರುವಂತಿಲ್ಲ, ಓಟಕ್ಕೆ ಇರುವುದು ಎರಡು ನಿಮಿಷ. ಅಭ್ಯಾಸದ ಸಮಯ ಮುಗಿದೊಡನೆ ಎಲ್ಲ ರೋಬೋಟ್‌ಗಳನ್ನೂ ನಿಲುಗಡೆಯ ಮೇಜಿನ ಮೇಲಿಡಬೇಕು. ಮಕ್ಕಳು ಕೈ ಹಿಂತೆಗೆದುಕೊಂಡ ಮೇಲೆಯೇ ಯಾವ ಬಣ್ಣದ ವಸ್ತು ಯಾವ ಚೌಕದಲ್ಲಿ ಕೂರುತ್ತದೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಅಂದರೆ ಪ್ರೋಗ್ರಾಂ ಬರೆದವರು ಎಲ್ಲ ಸಾಧ್ಯತೆಗಳನ್ನೂ ಮೊದಲೇ ಊಹಿಸಿರಬೇಕು. ಇದರ ಜೊತೆಗೆ ಸ್ಪರ್ಧೆಯ ದಿನವೇ ಪ್ರಕಟವಾಗುವ ‘ಅಚ್ಚರಿ ನಿಯಮ’ವೊಂದಿದ್ದು, ತಿಂಗಳುಗಟ್ಟಲೆ ತಿದ್ದಿ ತೀಡಿದ ಪ್ರೋಗ್ರಾಮಿಗೆ ಆ ಬೆಳಿಗ್ಗೆ ಹೊಸ ತುಂಡೊಂದನ್ನು ಸೇರಿಸಬೇಕಾಗುತ್ತದೆ. ಸ್ಪರ್ಧೆಯ ಅಂಗಳದೊಳಗೆ ತರಬೇತುದಾರರಿಗೆ ಪ್ರವೇಶವಿಲ್ಲ. ಕೆಲಸ ಮಾಡಿದ್ದು ಮಕ್ಕಳೋ ದೊಡ್ಡವರೋ ಎಂಬ ಸಂಶಯವನ್ನು ಪರಿಹರಿಸಲು ಇದಕ್ಕಿಂತ ಸರಳವಾದ ಉಪಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಫಸ್ಟ್ ಲೆಗೊ ಲೀಗ್‌ನ ಚಾಲೆಂಜ್ ವಿಭಾಗ ನೋಡುವುದಕ್ಕೆ ಇದರಂತೆಯೇ ಇದ್ದರೂ ಒಳಲೆಕ್ಕ ಬೇರೆ. ಎರಡೂವರೆ ನಿಮಿಷದ ಅಧಿಕೃತ ಪಂದ್ಯಗಳು ಮೂರಿದ್ದು, ಅವುಗಳಲ್ಲಿ ಅತ್ಯುತ್ತಮವಾದ ಒಂದು ಮಾತ್ರ ಲೆಕ್ಕಕ್ಕೆ ಬರುತ್ತದೆ. ರೋಬೋಟ್ ತನ್ನ ನೆಲೆಯಿಂದ ಆಚೆ ಎಲ್ಲೋ ಸಿಕ್ಕಿಕೊಂಡಾಗ ಕೈ ಹಾಕಿ ಎತ್ತಿದರೆ ತಂಡಕ್ಕೆ ಆರಂಭದಲ್ಲೇ ಕೊಟ್ಟ, ಒಟ್ಟು 50 ಅಂಕ ಬೆಲೆಯ ಆರು ಬಿಲ್ಲೆಗಳಲ್ಲಿ ಒಂದನ್ನು ತೀರ್ಪುಗಾರರು ತೆಗೆದುಕೊಳ್ಳುತ್ತಾರೆ; ಮೊದಲ ಬಿಲ್ಲೆ ಹೋದರೆ ನಷ್ಟವಿಲ್ಲ, ಎರಡನೆಯದು ಹೋದಾಗ 50 ಅಂಕ 35ಕ್ಕೆ ಇಳಿಯುತ್ತದೆ. ಆದರೆ ಇಷ್ಟೆಲ್ಲ ಸೇರಿ ಅರ್ಹತೆಯ ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಭಾಗ ರೋಬೋಟಿನ ವಿನ್ಯಾಸವನ್ನು ವಿವರಿಸುವ ಬಗೆ, ಸಮಸ್ಯೆಯೊಂದಕ್ಕೆ ಪರಿಹಾರ ಹುಡುಕಿದ ಯೋಜನೆ ಮತ್ತು ತಂಡದ ಒಳಗಿನ ನಡವಳಿಕೆ, ಈ ಮೂರಕ್ಕೆ ಸಮವಾಗಿ ಹಂಚಿಹೋಗಿದೆ. ಹಾಗಾಗಿ ಮೇಜಿನ ಮೇಲೆ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದ ತಂಡ, ಯೋಜನೆಯ ಬಗ್ಗೆ ತೀರ್ಪುಗಾರರು ಕೇಳಿದ ಪ್ರಶ್ನೆಗೆ ತಡವರಿಸಿದರೆ, ಮುಂದಿನ ಹಂತ ತಲುಪದೆ ಉಳಿಯುವುದು ಸಾಮಾನ್ಯ ಸಂಗತಿ.

ಇನ್ನು ಮೈತ್ರಿಕೂಟದ ಸ್ಪರ್ಧೆಗಳು. ಬೆಳಗ್ಗೆ ಮೊದಲು ತಪಾಸಣೆ. ಫಸ್ಟ್ ಟೆಕ್ ಚಾಲೆಂಜ್ ಮತ್ತು ವೆಕ್ಸ್ ಎರಡರಲ್ಲೂ ಆರಂಭದ ಸ್ಥಿತಿಯಲ್ಲಿ ರೋಬೋಟ್ 18 ಇಂಚಿನ ಚೌಕದ ಪೆಟ್ಟಿಗೆಯೊಳಗೆ ಹಿಡಿಸಬೇಕು. ಹಿಂದಿನ ರಾತ್ರಿ ಅವಸರದಲ್ಲಿ ಬಿಗಿದ ಕೇಬಲ್ ಟೈನ ಬಾಲ ಅರ್ಧ ಸೆಂಟಿಮೀಟರ್ ಹೊರಗೆ ಚಾಚಿಕೊಂಡು ಪೆಟ್ಟಿಗೆಯ ಗೋಡೆಗೆ ತಗುಲುವುದು, ಕತ್ತರಿಗಾಗಿ ಒಬ್ಬ ತಮ್ಮ ದುರಸ್ತಿ ಮೇಜಿರುವ ಪಿಟ್‌ನತ್ತ ಓಡುವುದು, ಅಷ್ಟರಲ್ಲಿ ಸಾಲಿನ ಹಿಂದಿನ ತಂಡ ಮುಂದೆ ಬರುವುದು, ಇವು ಪ್ರತಿ ಸ್ಪರ್ಧೆಯಲ್ಲೂ ಕಾಣುವ ದೃಶ್ಯ. ತಪಾಸಣೆಯಲ್ಲಿ ಪಾಸಾಗದ ರೋಬೋಟ್ ಪಂದ್ಯಕ್ಕೆ ಇಳಿಯುವಂತಿಲ್ಲ.

ನಂತರ ಅರ್ಹತಾ ಪಂದ್ಯಗಳು. ಇಲ್ಲಿ ಜೊತೆಗಾರರನ್ನು ತಂಡ ಆರಿಸಿಕೊಳ್ಳುವುದಿಲ್ಲ, ಕಂಪ್ಯೂಟರ್ ಆರಿಸುತ್ತದೆ. ಒಂದು ಪಂದ್ಯದಲ್ಲಿ ಜೊತೆಗಿದ್ದವರು ಮುಂದಿನ ಪಂದ್ಯದಲ್ಲಿ ಎದುರಾಳಿಗಳಾಗಬಹುದು. ಫಸ್ಟ್ ಟೆಕ್ ಚಾಲೆಂಜ್‌ನಲ್ಲಿ ಮೊದಲ 30 ಸೆಕೆಂಡ್ ರೋಬೋಟ್ ಪೂರ್ವಲಿಖಿತ ಪ್ರೋಗ್ರಾಮಿನಿಂದ ತಾನಾಗಿಯೇ ನಡೆಯುತ್ತದೆ, ಮುಂದಿನ ಎರಡು ನಿಮಿಷ ಮಕ್ಕಳು ರಿಮೋಟ್ ಹಿಡಿಯುತ್ತಾರೆ. ವೆಕ್ಸ್‌ನ ಪ್ರೌಢಶಾಲಾ ಮಟ್ಟದ ಸ್ಪರ್ಧೆಯಲ್ಲಿ ಈ ಅವಧಿಗಳು 15 ಸೆಕೆಂಡ್ ಮತ್ತು 1 ನಿಮಿಷ 45 ಸೆಕೆಂಡ್. ಗೆದ್ದ ಕೂಟದ ಎರಡೂ ತಂಡಗಳಿಗೆ ಸಮನಾದ ಗೆಲುವಿನ ಅಂಕ ಸಿಗುತ್ತದೆ. ಜೊತೆಗಾರರ ರೋಬೋಟ್ ಬ್ಯಾಟರಿ ಕನೆಕ್ಟರ್ ಸಡಿಲಾಗಿ ನಡು ಅಂಗಳದಲ್ಲಿ ನಿಂತುಬಿಟ್ಟರೆ ಸೋಲೂ ಇಬ್ಬರದೇ. ಐದಾರು ಪಂದ್ಯಗಳಷ್ಟೇ ಇರುವಲ್ಲಿ ಇಂಥದೊಂದು ಸೋಲು ಪಟ್ಟಿಯಲ್ಲಿ ಹತ್ತು ಸ್ಥಾನ ಕೆಳಕ್ಕೆ ನೂಕಬಲ್ಲದು. ಅರ್ಹತಾ ಪಟ್ಟಿಯ ಮೊದಲ ಸ್ಥಾನವೇ ಉತ್ತಮ ರೋಬೋಟಿನ ಪುರಾವೆ ಎನ್ನುವವರು ಈ ಕನೆಕ್ಟರನ್ನು ಮರೆತಿರುತ್ತಾರೆ.

ಗೆಲುವಿನ ಅಂಕ ಸಮವಾದಾಗ ಏನು ಮಾಡುತ್ತಾರೆ ಎಂಬುದು ಇನ್ನೂ ಸ್ವಾರಸ್ಯಕರ. ವೆಕ್ಸ್‌ನಲ್ಲಿ ಗೆಲುವಿಗೆ ಎರಡು ಅಂಕ, ಟೈ ಆದರೆ ಒಂದು. ಸ್ವಯಂಚಾಲಿತ ಅವಧಿಯಲ್ಲಿ ನಿಗದಿತ ಕೆಲಸಗಳನ್ನು ಪೂರೈಸಿದರೆ ಇನ್ನೊಂದು. ಅವೂ ಸಮವಾದರೆ ಸ್ವಯಂಚಾಲಿತ ಅವಧಿಯಲ್ಲಿ ಮೇಲುಗೈ ಸಾಧಿಸಿದ್ದಕ್ಕೆ ಸಿಗುವ ಅಂಕ ನೋಡುತ್ತಾರೆ. ಅದೂ ಸಮವಾದರೆ ಎಣಿಸುವುದು ಸೋತ ಕೂಟದವರು ಗಳಿಸಿದ ಅಂಕವನ್ನು! ಒಂದು ಪಂದ್ಯವನ್ನು 80–5ರಿಂದ ಗೆದ್ದರೆ ಖಾತೆಗೆ ಸೇರುವುದು 5. 80–60ರಿಂದ ಗೆದ್ದರೆ 60. ಬಲಿಷ್ಠರ ಎದುರು ಆಡಿದವರಿಗೆ ಹೆಚ್ಚು ಬೆಲೆ ಸಿಗಲಿ, ಎದುರಾಳಿಯನ್ನು ನೆಲ ಕಚ್ಚಿಸುವುದರಲ್ಲಿ ಯಾರಿಗೂ ಲಾಭವಿಲ್ಲದಿರಲಿ ಎಂಬುದು ಇದರ ಹಿಂದಿನ ಯೋಚನೆ. ಅನುಭವವಿರುವ ತಂಡ ದೊಡ್ಡ ಅಂತರದ ಮುನ್ನಡೆಯಲ್ಲಿರುವಾಗ ಎದುರಾಳಿಗೆ ಅಂಕ ಗಳಿಸಲು ದಾರಿ ಬಿಟ್ಟುಕೊಡುವುದನ್ನು ಕಂಡು ಪ್ರೇಕ್ಷಕರು ಗಲಿಬಿಲಿಗೊಳ್ಳುತ್ತಾರೆ. ಅದು ಉದಾರತೆಯೂ ಹೌದು, ಲೆಕ್ಕಾಚಾರವೂ ಹೌದು.

ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್‌ನಲ್ಲಿ ಗೆಲುವು ಮಾತ್ರವೇ ಸ್ಥಾನ ನಿರ್ಧರಿಸುವುದಿಲ್ಲ. 2025ರ ಆಟದಲ್ಲಿ ಗೆಲುವಿಗೆ ಮೂರು ಅಂಕವಿದ್ದರೆ, ಆಟದೊಳಗಿನ ಮೂರು ಗುರಿಗಳನ್ನು ಮುಟ್ಟಿದ್ದಕ್ಕೆ ಒಂದೊಂದರಂತೆ ಇನ್ನೂ ಮೂರು ಅಂಕ ಗಳಿಸಬಹುದಿತ್ತು. ಅಂದರೆ ಸೋತ ಕೂಟವೂ ಮೂರೂ ಗುರಿ ಮುಟ್ಟಿದರೆ, ಗುರಿ ಯಾವುದನ್ನೂ ಮುಟ್ಟದೆ ಗೆದ್ದವರಷ್ಟೇ ಅಂಕ ಪಡೆಯುತ್ತದೆ. ಆ ವರ್ಷ ಇನ್ನೊಂದು ವಿಶೇಷವಿತ್ತು: ಕೆಂಪು, ನೀಲಿ ಎರಡೂ ಕೂಟಗಳು ಒಂದು ಸಣ್ಣ ಕೆಲಸವನ್ನು ಪರಸ್ಪರ ಸಹಕಾರದಿಂದ ಪೂರೈಸಿದರೆ ಗುರಿಗಳಲ್ಲೊಂದರ ಮಿತಿ ಇಬ್ಬರಿಗೂ ಸಡಿಲವಾಗುತ್ತಿತ್ತು. ಪಂದ್ಯಕ್ಕೆ ಮುನ್ನ ಎದುರಾಳಿಗಳು ಪಿಟ್‌ಗೆ ಬಂದು ‘ನಾವು ನಮ್ಮ ಪಾಲು ಮಾಡುತ್ತೇವೆ, ನೀವೂ ಮಾಡುತ್ತೀರಾ?’ ಎಂದು ಕೇಳಿ ಹೋಗುವುದು ಬೇರೆ ಯಾವ ಆಟದಲ್ಲಿ ಕಂಡೀತು!

ಅರ್ಹತಾ ಪಂದ್ಯಗಳು ಮುಗಿದಾಗ ಪಟ್ಟಿಯ ಮೇಲ್ಭಾಗದಲ್ಲಿರುವವರಿಗೆ ದೊರೆಯುವುದು ಸೀಟಲ್ಲ, ಜೊತೆಗಾರರನ್ನು ಆರಿಸುವ ಹಕ್ಕು. ಇಡೀ ದಿನದಲ್ಲಿ ಇದಕ್ಕಿಂತ ಬಿಗುವಿನ ಅರ್ಧ ಗಂಟೆ ಇನ್ನೊಂದಿಲ್ಲ. ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್‌ನ ಪದ್ಧತಿಯನ್ನೇ ತೆಗೆದುಕೊಳ್ಳೋಣ. ಎಂಟು ನಾಯಕ ತಂಡಗಳ ಪ್ರತಿನಿಧಿಗಳು ಸಾಲಾಗಿ ನಿಲ್ಲುತ್ತಾರೆ. ಮೊದಲ ಸುತ್ತಿನಲ್ಲಿ ಒಂದನೇ ನಾಯಕನಿಂದ ಎಂಟನೆಯವನವರೆಗೆ, ಎರಡನೇ ಸುತ್ತಿನಲ್ಲಿ ತಿರುವುಮುರುವಾಗಿ ಎಂಟರಿಂದ ಒಂದರವರೆಗೆ, ಹಾವು ಹೊರಳಿದಂತೆ ಆಯ್ಕೆ ಸಾಗುತ್ತದೆ. ಬಲಿಷ್ಠ ನಾಯಕನಿಗೆ ಮೊದಲ ಆಯ್ಕೆ ಚೆನ್ನಾಗಿ ಸಿಕ್ಕರೂ ಎರಡನೇ ಆಯ್ಕೆ ಕೊನೆಗೆ ಬರುವುದರಿಂದ ಕೂಟಗಳ ಬಲ ಒಂದಿಷ್ಟು ಸರಿದೂಗುತ್ತದೆ.

ಒಂದನೇ ನಾಯಕ ಎರಡನೇ ಸ್ಥಾನದ ತಂಡವನ್ನೇ ಕರೆಯಬಹುದು. ಆ ತಂಡ ಒಪ್ಪಿದರೆ ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಮೇಲೆ ಬಂದು, ಒಂಬತ್ತನೇ ಸ್ಥಾನದಲ್ಲಿದ್ದವರು ದಿಢೀರನೆ ನಾಯಕರಾಗುತ್ತಾರೆ. ತಾವೇ ನಾಯಕರಾಗಿರುವುದು ಮೇಲೆಂದು ಎರಡನೆಯವರು ನಿರಾಕರಿಸಿದರೆ ಅವರನ್ನು ಅನಂತರ ಬೇರೆ ಯಾರೂ ಕರೆಯುವಂತಿಲ್ಲ. ಎರಡನೇ ಸ್ಥಾನದವರಿಗೆ ಇದರಿಂದ ನಷ್ಟವಿಲ್ಲ. ಹನ್ನೆರಡನೇ ಸ್ಥಾನದ ತಂಡವೊಂದು ಬಿಂಕದಿಂದ ‘ಬೇಡ’ ಎಂದರೆ ಮಾತ್ರ ಅದರ ದಿನ ಅಲ್ಲಿಗೇ ಮುಗಿದಂತೆ. ಮೈಕ್ ಮುಂದೆ ನಿಂತ ಹದಿನೈದರ ಹುಡುಗಿ ಒಂದು ಉಸಿರಿನೊಳಗೆ ಈ ಲೆಕ್ಕವನ್ನೆಲ್ಲ ಮುಗಿಸಿ ಹೌದು ಅಥವಾ ಇಲ್ಲ ಎನ್ನಬೇಕು.

ಹಾಗಾದರೆ ನಾಯಕರು ಯಾರನ್ನು ಕರೆಯುತ್ತಾರೆ? ಸ್ಥಾನ ನೋಡಿಯೇ ಕರೆಯಬೇಕೆಂದಿಲ್ಲ. ದೊಡ್ಡ ತಂಡಗಳು ಪ್ರೇಕ್ಷಕರ ಗ್ಯಾಲರಿಯಲ್ಲಿ ಮಕ್ಕಳನ್ನು ಕೂರಿಸಿ ಪ್ರತಿ ರೋಬೋಟ್ ಪ್ರತಿ ಪಂದ್ಯದಲ್ಲಿ ಏನು ಮಾಡಿತು, ಎಷ್ಟು ಬಾರಿ ನಿಂತುಹೋಯಿತು, ಸ್ವಯಂಚಾಲಿತ ಅವಧಿಯಲ್ಲಿ ಯಾವ ಮೂಲೆಯಿಂದ ಹೊರಡುತ್ತದೆ ಎಂದು ಬರೆಸಿಟ್ಟುಕೊಂಡಿರುತ್ತವೆ. ಇದಕ್ಕೆ ಸ್ಕೌಟಿಂಗ್ ಎನ್ನುತ್ತಾರೆ. ನಮ್ಮದೂ ನಿಮ್ಮದೂ ಒಂದೇ ಮೂಲೆಗೆ ನುಗ್ಗುವ ಎರಡು ಶೂರ ರೋಬೋಟ್‌ಗಳಿಗಿಂತ, ನಮ್ಮ ದಾರಿಗೆ ಅಡ್ಡ ಬಾರದೆ ಪ್ರತಿ ಬಾರಿಯೂ ಹೇಳಿದ ಕೆಲಸ ಮುಗಿಸುವ ಸಾಧಾರಣ ರೋಬೋಟ್ ಒಳ್ಳೆಯ ಜೊತೆಗಾರ. ಹೀಗಾಗಿ ಇಪ್ಪತ್ತನೇ ಸ್ಥಾನದಲ್ಲಿದ್ದರೂ ಗೆಲ್ಲುವ ಕೂಟಕ್ಕೆ ಸೇರಿ ಮುಂದಿನ ಹಂತಕ್ಕೆ ಹೋದ ತಂಡಗಳಿವೆ. ಇದು ಅದೃಷ್ಟವಲ್ಲ, ತಮ್ಮ ರೋಬೋಟ್ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಪಿಟ್‌ನಿಂದ ಪಿಟ್‌ಗೆ ಹೋಗಿ ಪ್ರಾಮಾಣಿಕವಾಗಿ ಹೇಳಿಕೊಂಡು ಬಂದ ಮಕ್ಕಳ ಶ್ರಮ ಇದರ ಹಿಂದಿರುತ್ತದೆ. ಗೆಲ್ಲುವ ಕೂಟ ನಿರ್ಧಾರವಾಗುವುದು ಆಮೇಲಿನ ನಾಕೌಟ್ ಪಂದ್ಯಗಳಲ್ಲಿ. ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್ 2023ರಿಂದ ಎರಡು ಸೋಲಿನ ನಂತರವೇ ಹೊರಹಾಕುವ ಪದ್ಧತಿಗೆ ಬಂದಿದೆ.

ಇಷ್ಟು ಹೊತ್ತಿಗೆ ಹದಿನಾಲ್ಕನೇ ಸ್ಥಾನದ ತಂಡ ಎಲ್ಲಿಂದ ಬಂದಿರಬಹುದು ಎಂಬುದಕ್ಕೆ ಒಂದು ಉತ್ತರ ಸಿಕ್ಕಿತು. ಇನ್ನೊಂದು ಉತ್ತರ ತೀರ್ಪುಗಾರರ ಕೋಣೆಯಲ್ಲಿದೆ. ಫಸ್ಟ್ ಟೆಕ್ ಚಾಲೆಂಜ್‌ನಲ್ಲಿ ತಂಡಗಳು ಮುಖಪುಟ ಬಿಟ್ಟು ಗರಿಷ್ಠ 15 ಪುಟಗಳ, ರೋಬೋಟ್ ಕಟ್ಟಿದ ಬಗೆಯನ್ನು ದಾಖಲಿಸುವ ಎಂಜಿನಿಯರಿಂಗ್ ಪೋರ್ಟ್‌ಫೋಲಿಯೊ ಸಲ್ಲಿಸುತ್ತವೆ, ತೀರ್ಪುಗಾರರ ಮುಂದೆ ಕುಳಿತು ತಮ್ಮ ಕೆಲಸವನ್ನು ವಿವರಿಸುತ್ತವೆ, ಆಮೇಲೆ ಪಿಟ್‌ಗೆ ಬರುವ ತೀರ್ಪುಗಾರರ ಪ್ರಶ್ನೆಗಳಿಗೂ ಉತ್ತರಿಸುತ್ತವೆ. ಇಲ್ಲಿ ಅತ್ಯುನ್ನತವಾದದ್ದು ಇನ್‌ಸ್ಪೈರ್ ಪ್ರಶಸ್ತಿ. ಹಲವು ವರ್ಷಗಳ ಕಾಲ ಮುಂದಿನ ಹಂತಕ್ಕೆ ಹೋಗುವ ತಂಡಗಳ ಸರದಿಪಟ್ಟಿಯಲ್ಲಿ ಈ ಪ್ರಶಸ್ತಿ ಗೆದ್ದವರ ಹೆಸರು ಗೆದ್ದ ಕೂಟದ ನಾಯಕರ ಹೆಸರಿಗಿಂತ ಮೇಲೇ ಇರುತ್ತಿತ್ತು. ಅನಂತರ ಪ್ರಶಸ್ತಿಯವರದೊಂದು, ಮೈದಾನದವರದೊಂದು ಎಂಬಂತೆ ಸೀಟುಗಳು ಸರದಿಯಲ್ಲಿ ಸಾಗುತ್ತಿದ್ದವು. 2025–26ರ ಋತುವಿನಿಂದ ಈ ಸರದಿಯ ಬದಲು ಅರ್ಹತಾ ಸ್ಥಾನ, ಕೂಟದ ಆಯ್ಕೆ, ನಾಕೌಟ್ ಸಾಧನೆ, ಪ್ರಶಸ್ತಿ ಎಲ್ಲಕ್ಕೂ ಅಂಕ ಕೊಟ್ಟು ಕೂಡುವ ಪದ್ಧತಿ ಬಂದಿದೆ. ನನ್ನ ಮಟ್ಟಿಗೆ ಹೊಸದೇ ವಾಸಿ: ಹಳೆಯ ಪದ್ಧತಿಯಲ್ಲಿ ನಾಯಕರಾಗಿ ಫೈನಲ್‌ನಲ್ಲಿ ಒಂದೇ ಪಂದ್ಯದ ಅಂತರದಲ್ಲಿ ಸೋತವರ ಇಡೀ ದಿನದ ಕೆಲಸ ಸರದಿಯ ಕೆಳಗೆ ಮುಚ್ಚಿಹೋಗುತ್ತಿತ್ತು.

ಪೋರ್ಟ್‌ಫೋಲಿಯೊಗೆ ಇಷ್ಟು ಬೆಲೆ ಏಕೆ ಎಂದು ಕೇಳುವವರಿದ್ದಾರೆ. ಉತ್ತಮ ರೋಬೋಟನ್ನು ಹಣ ಕೊಟ್ಟು, ದೊಡ್ಡವರ ಕೈಯಿಂದ ಮಾಡಿಸಿ ತರುವುದು ಅಸಾಧ್ಯವೇನಲ್ಲ. ಆದರೆ ‘ಈ ತೋಳಿಗೆ ಮೊದಲು ಒಂದೇ ಮೋಟಾರ್ ಇತ್ತು, ಎರಡಕ್ಕೆ ಏಕೆ ಬದಲಾಯಿಸಿದಿರಿ?’ ಎಂದು ತೀರ್ಪುಗಾರರು ಕೇಳಿದಾಗ, ತೋಳು ಮೇಲೆತ್ತುವಾಗ ಬ್ಯಾಟರಿಯ ವೋಲ್ಟೇಜ್ ಎಷ್ಟು ಕುಸಿಯಿತು, ಗೇರ್ ಅನುಪಾತ ಬದಲಿಸಿ ನೋಡಿದಾಗ ಏನಾಯಿತು ಎಂದು ಬಾಯಿಬಿಟ್ಟು ಹೇಳಬಲ್ಲದ್ದು ಅದನ್ನು ಕಟ್ಟಿದ ಮಗು ಮಾತ್ರ. ವೆಕ್ಸ್‌ನ ಎಕ್ಸಲೆನ್ಸ್ ಪ್ರಶಸ್ತಿ ಇದೇ ಜಾತಿಯದ್ದಾದರೂ ಅಲ್ಲಿ ಇನ್ನೊಂದು ಕಟ್ಟುಪಾಡಿದೆ: ಎಂಜಿನಿಯರಿಂಗ್ ನೋಟ್‌ಬುಕ್ ಎಷ್ಟೇ ಚೆನ್ನಾಗಿದ್ದರೂ ಪಂದ್ಯಗಳ ಪಟ್ಟಿಯಲ್ಲಿಯೂ ಸ್ಕಿಲ್ಸ್ ಪಟ್ಟಿಯಲ್ಲಿಯೂ ತಂಡ ಮೇಲಿನ ಭಾಗದಲ್ಲಿರಬೇಕು.

ಈ ಸ್ಕಿಲ್ಸ್ ಎಂಬುದು ಜೊತೆಗಾರರ ದೆಸೆಯಿಂದ ಸೋತವರಿಗೆ ವೆಕ್ಸ್ ತೆರೆದಿಟ್ಟ ಹಿಂಬಾಗಿಲು. ಅಂಗಳದಲ್ಲಿ ಎದುರಾಳಿಯೂ ಇಲ್ಲ, ಜೊತೆಗಾರರೂ ಇಲ್ಲ. ಒಂದು ನಿಮಿಷ ಮಕ್ಕಳು ಓಡಿಸಬೇಕು, ಇನ್ನೊಂದು ಓಟದಲ್ಲಿ ಒಂದು ನಿಮಿಷ ರೋಬೋಟ್ ತಾನೇ ಓಡಬೇಕು. ಎರಡರ ಅತ್ಯುತ್ತಮ ಅಂಕಗಳನ್ನು ಕೂಡಿಸಿ ಎಲ್ಲ ತಂಡಗಳನ್ನೂ ಒಂದೇ ಪಟ್ಟಿಯಲ್ಲಿಡುತ್ತಾರೆ. ಗೆದ್ದ ತಂಡ ಈಗಾಗಲೇ ಬೇರೆ ಸ್ಪರ್ಧೆಯಿಂದ ಅರ್ಹತೆ ಪಡೆದಿದ್ದರೆ ಖಾಲಿ ಉಳಿಯುವ ಸೀಟುಗಳು ಸಾಮಾನ್ಯವಾಗಿ ಈ ಪಟ್ಟಿಯ ಮೇಲಿನವರಿಗೆ ಹೋಗುತ್ತವೆ.

ಒಂದೇ ದಿನದ ಏರುಪೇರಿಗೆ ಇನ್ನೂ ಗಟ್ಟಿಯಾದ ಪರಿಹಾರ ಕಂಡುಕೊಂಡದ್ದು ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್‌ನ ಡಿಸ್ಟ್ರಿಕ್ಟ್ ಪದ್ಧತಿ. 2009ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಇದು ಮೊದಲು ಬಂತು. ಇಲ್ಲಿ ಒಂದು ಸ್ಪರ್ಧೆ ಗೆದ್ದೊಡನೆ ಎಲ್ಲವೂ ಇತ್ಯರ್ಥವಾಗುವುದಿಲ್ಲ. ತಂಡದ ಮೊದಲ ಎರಡು ಸ್ಪರ್ಧೆಗಳ ಅಂಕಗಳನ್ನು ಕೂಡಿಸಿ ಋತುವಿನ ಪಟ್ಟಿ ಮಾಡುತ್ತಾರೆ. ಅರ್ಹತಾ ಸ್ಥಾನಕ್ಕೆ ಗರಿಷ್ಠ 22ರಿಂದ ಕನಿಷ್ಠ 4ರವರೆಗೆ ಅಂಕ. ಕೂಟದ ನಾಯಕರಿಗೆ 17ರಿಂದ ಕೂಟದ ಸಂಖ್ಯೆ ಕಳೆದು ಉಳಿದಷ್ಟು: ಮೂರನೇ ಕೂಟದ ನಾಯಕರಿಗೆ 14. ಮೊದಲ ಸುತ್ತಿನಲ್ಲಿ ಐದನೆಯವರಾಗಿ ಆಯ್ಕೆಯಾದವರಿಗೆ 12. ನಾಕೌಟ್ ಗೆಲುವುಗಳಿಗೆ ಬೇರೆ, ಪ್ರಶಸ್ತಿಗಳಿಗೆ ಬೇರೆ. ಹೊಸ ತಂಡಗಳಿಗೆ ಮೊದಲ ವರ್ಷ 10, ಎರಡನೇ ವರ್ಷ 5 ಅಂಕಗಳ ಊರೆಗೋಲೂ ಇದೆ. ಪಟ್ಟಿಯ ಮೇಲಿನವರು ಡಿಸ್ಟ್ರಿಕ್ಟ್ ಚಾಂಪಿಯನ್‌ಷಿಪ್‌ಗೆ ಹೋಗುತ್ತಾರೆ. ಅಲ್ಲಿ ಗಳಿಸುವ ಅಂಕ ಮೂರು ಪಟ್ಟಾಗಿ ಅದೇ ಖಾತೆಗೆ ಸೇರುತ್ತದೆ. ಒಂದು ಭಾನುವಾರ ಬ್ಯಾಟರಿ ಕೈಕೊಟ್ಟರೂ ಇನ್ನೊಂದು ಭಾನುವಾರ ಉಳಿದಿರುತ್ತದೆ ಎಂಬುದೇ ಇದರ ದೊಡ್ಡ ಗುಣ. ಎರಡು ಬಾರಿ ಪ್ರಯಾಣಿಸಬೇಕಾದ ಖರ್ಚು ಇದರ ದೋಷ.

ಹಾಗಾಗಿ ಋತುವಿನ ಆರಂಭದಲ್ಲಿ ತಂಡ ಮೊದಲು ಓದಬೇಕಾದದ್ದು ಆಟದ ಕೈಪಿಡಿಯ ಮುಂದಿನ ಹಂತಕ್ಕೆ ಅರ್ಹತೆಯ ಅಧ್ಯಾಯವನ್ನು. ಬಹಳಷ್ಟು ತಂಡಗಳು ರೋಬೋಟಿನ ಅಳತೆ, ಮೋಟಾರುಗಳ ಮಿತಿ ಓದಿ ಕೈಪಿಡಿ ಮುಚ್ಚುತ್ತವೆ; ಆ ಅಧ್ಯಾಯ ತೆರೆಯುವುದು ಸಮಾರೋಪದ ಸಂಜೆ ಸಿಟ್ಟಿನಲ್ಲಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹಿಂದಿನ ವರ್ಷದ ಹಿರಿಯರ ಮಾತನ್ನು ನಂಬಿ ಕೂರುವುದೂ ಅಪಾಯ.

ಕೊನೆಯದಾಗಿ, ವೇದಿಕೆಯ ಮೇಲೆ ಹೆಸರು ಕೂಗಿಸಿಕೊಂಡವರೆಲ್ಲ ರಾಷ್ಟ್ರೀಯ ಸ್ಪರ್ಧೆಗೆ ಬಂದೇ ಬರುತ್ತಾರೆಂದೇನೂ ಇಲ್ಲ. ಆಯ್ಕೆಯಾದ ತಂಡ ನಿಗದಿತ ದಿನದೊಳಗೆ ಒಪ್ಪಿಗೆ ತಿಳಿಸಿ ನೋಂದಣಿ ಶುಲ್ಕ ಕಟ್ಟಬೇಕು. ಪರೀಕ್ಷೆಯ ವೇಳಾಪಟ್ಟಿ ಅಡ್ಡ ಬರುತ್ತದೆ, ಪ್ರಯಾಣದ ಹಣ ಹೊಂದುವುದಿಲ್ಲ, ಕೆಲವರು ಹಿಂದೆ ಸರಿಯುತ್ತಾರೆ. ಆಗ ಆ ಸೀಟು ಸರದಿಪಟ್ಟಿಯ ಮುಂದಿನವರಿಗೆ ಇಳಿಯುತ್ತದೆ. ಕೂದಲೆಳೆಯಲ್ಲಿ ಸೀಟು ತಪ್ಪಿದ ತಂಡಗಳು ಮನೆಗೆ ಮರಳಿದ ಬೇಸರದಲ್ಲಿ ಮರುದಿನವೇ ರೋಬೋಟ್ ಬಿಚ್ಚಿ ಮೋಟಾರುಗಳನ್ನು ಡಬ್ಬಿಗೆ ತುಂಬಿಬಿಡುವುದುಂಟು. ಒಪ್ಪಿಗೆಯ ಕೊನೆಯ ದಿನ ಕಳೆಯುವವರೆಗೆ ಸ್ಕ್ರೂಡ್ರೈವರ್ ಮುಟ್ಟದಿರುವುದು ಮೇಲು.